ಕ್ಯಾಬಿನೆಟ್ಟಿನೊಳಗಿನ ಧೂಳು: ಗಾಳಿಯ ದಿಕ್ಕನ್ನು ಕುರಿತು ಒಂದು ಟಿಪ್ಪಣಿ

ಡೆಸ್ಕ್‌ಟಾಪ್ ಕಂಪ್ಯೂಟರಿನ ಧೂಳಿನ ಮಾತು ಸಾಮಾನ್ಯವಾಗಿ ಜಾಲರಿಯಲ್ಲಿ ಶುರುವಾಗಿ ಬ್ಲೋವರ್‌ನಲ್ಲಿ ಮುಗಿಯುತ್ತದೆ. ಎಷ್ಟು ಸಣ್ಣ ಕಣ್ಣಿನ ಜಾಲರಿ ಹಾಕಬೇಕು, ಎಷ್ಟು ತಿಂಗಳಿಗೊಮ್ಮೆ ಊದಿಸಬೇಕು ಎಂಬುದಷ್ಟೇ ಪ್ರಶ್ನೆ. ಇವೆರಡಕ್ಕೂ ಮೊದಲು ಕೇಳಬೇಕಾದ್ದು ಇನ್ನೊಂದಿದೆ: ಕ್ಯಾಬಿನೆಟ್ಟಿನ ಸಂದುಗೊಂದುಗಳಲ್ಲಿ ಗಾಳಿ ಒಳಗೆ ನುಗ್ಗುತ್ತಿದೆಯೋ, ಹೊರಗೆ ಸೋರುತ್ತಿದೆಯೋ? ಇದು ಇತ್ಯರ್ಥವಾಗದಿದ್ದರೆ ಜಾಲರಿಗೆ ಹಾಕಿದ ದುಡ್ಡು ಬಹುಪಾಲು ದಂಡ ಎಂಬುದು ಈ ಟಿಪ್ಪಣಿಯ ವಾದ.

ಜೆರಾಕ್ಸ್ ಅಂಗಡಿಗಳಲ್ಲಿ, ಸಣ್ಣ ಕಚೇರಿಗಳಲ್ಲಿ ಇಂದಿಗೂ ಕಾಣಸಿಗುವ ಅಗ್ಗದ ಹಳೆಯ ಕ್ಯಾಬಿನೆಟ್ಟನ್ನೇ ನೋಡಿ. ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಡಬ್ಬಿ) ಮೇಲ್ಭಾಗದಲ್ಲಿದ್ದು, ಅದರ ಫ್ಯಾನ್ ಒಳಗಿನ ಬಿಸಿಗಾಳಿಯನ್ನು ಹಿಂದಕ್ಕೆ ದಬ್ಬುತ್ತದೆ. ಹಿಂಬದಿಯಲ್ಲಿ ಇನ್ನೊಂದು ಫ್ಯಾನ್ ಇದ್ದರೆ ಅದರ ಕೆಲಸವೂ ಅದೇ. ಮುಂದುಗಡೆ ಫ್ಯಾನಿಗೆ ಜಾಗವಿರುತ್ತದೆ, ಫ್ಯಾನ್ ಇರುವುದಿಲ್ಲ. ಹೊರಗೆ ಹೋದಷ್ಟು ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕಲ್ಲ! ಡಿವಿಡಿ ಡ್ರೈವಿನ ಅಂಚು, ಯುಎಸ್‌ಬಿ ಪೋರ್ಟು, ತಗಡು ಕಿತ್ತುಹೋದ ಕಾರ್ಡ್ ಸ್ಲಾಟು, ಪಕ್ಕದ ಬಾಗಿಲಿನ ಸಂದು, ಎಲ್ಲವೂ ಅದಕ್ಕೆ ದಾರಿಯೇ. ಇಂಥ ಯಂತ್ರದ ಡಿವಿಡಿ ಟ್ರೇ ಹೊರಗೆಳೆದರೆ ಅದರ ಎರಡೂ ಅಂಚಿನಲ್ಲಿ ಗೆರೆ ಎಳೆದಂತೆ ಬೂದುಬಣ್ಣದ ಧೂಳು ಕೂತಿರುತ್ತದೆ. ಗಾಳಿ ನಡೆದ ಹಾದಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಇದರ ಪರಿಹಾರ ಹೊಸದೇನಲ್ಲ. ಇಂಟೆಲ್ 1995ರಲ್ಲಿ ಎಟಿಎಕ್ಸ್ ವಿನ್ಯಾಸವನ್ನು ಪ್ರಕಟಿಸಿದಾಗ, ಎಸ್‌ಎಂಪಿಎಸ್ ಫ್ಯಾನ್ ಹೊರಗಿನ ಗಾಳಿಯನ್ನು ಒಳಗೆಳೆದು ಪ್ರೊಸೆಸರಿನ ಮೇಲೆ ಬೀಸಬೇಕು ಎಂಬುದು ಮೂಲ ಆಲೋಚನೆಯಾಗಿತ್ತು. ಹಾಗೆ ಮಾಡಿದರೆ ಕ್ಯಾಬಿನೆಟ್ಟಿನ ಒಳಗೆ ಒತ್ತಡ ತುಸು ಹೆಚ್ಚಾಗಿ, ಸಂದುಗಳಿಂದ ಗಾಳಿ ಹೊರಸೋರುತ್ತದೆ. ಧೂಳು ಬರುವ ದಾರಿ ಒಂದೇ ಆಗುತ್ತದೆ. ಆದರೆ ಎಸ್‌ಎಂಪಿಎಸ್‌ನ ಕಾವು ಹೊತ್ತ ಗಾಳಿ ಪ್ರೊಸೆಸರನ್ನು ತಣಿಸುವುದು ಹೇಗೆ? ಪ್ರೊಸೆಸರುಗಳು ಬಿಸಿಯೇರುತ್ತ ಹೋದಂತೆ ಆ ಏರ್ಪಾಡು ಬಿದ್ದುಹೋಯಿತು. ಅದರೊಂದಿಗೆ ಒಳ್ಳೆಯ ತತ್ವವೂ ಮೂಲೆ ಸೇರಿತು. ಚಿಪ್ ತಯಾರಾಗುವ ಶುಚಿಕೊಠಡಿಯಲ್ಲಿ ಹೊರಗಿಗಿಂತ ಒಳಗೆ ಒತ್ತಡ ಹೆಚ್ಚಿರುವಂತೆ ಕಾಯುತ್ತಾರೆ; ಅದೇ ಚಿಪ್ ನಮ್ಮ ಮನೆಗೆ ಬಂದ ಮೇಲೆ ಅದರ ಪಾಡು ತಿರುಗುಮುರುಗು.

ಗಾಳಿಯ ಮೊತ್ತವನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ. ಕ್ಯಾಬಿನೆಟ್ಟಿನ ಫ್ಯಾನುಗಳು ದಬ್ಬುವ ಗಾಳಿ 50 ಸಿಎಫ್‌ಎಂ (ನಿಮಿಷಕ್ಕೆ 50 ಘನ ಅಡಿ) ಎಂದಿಟ್ಟುಕೊಳ್ಳಿ; ಅದು ಗಂಟೆಗೆ ಸುಮಾರು 85 ಘನಮೀಟರ್. ಉದ್ದ, ಅಗಲ, ಎತ್ತರ ಮೂರೂ 3 ಮೀಟರಿನ ಕೋಣೆಯಲ್ಲಿ ಇರುವ ಗಾಳಿ 27 ಘನಮೀಟರ್. ಅಂದರೆ ಕೋಣೆಯ ಗಾಳಿಯಷ್ಟು ಗಾಳಿ ಗಂಟೆಗೆ ಮೂರು ಸಲ ಈ ಡಬ್ಬಿಯ ಮೂಲಕ ಹಾದುಹೋಗುತ್ತದೆ.

ಆ ಗಾಳಿಯಲ್ಲಿ ಏನಿದೆ ಎಂಬುದೂ ಮುಖ್ಯ. ನೀರಿನಷ್ಟು ಸಾಂದ್ರತೆಯ 10 ಮೈಕ್ರಾನ್ ಕಣ ನಿಶ್ಚಲ ಗಾಳಿಯಲ್ಲಿ ಒಂದು ಮೀಟರ್ ಇಳಿಯಲು ಐದಾರು ನಿಮಿಷ ಸಾಕು; 1 ಮೈಕ್ರಾನ್ ಕಣಕ್ಕೆ ಸುಮಾರು ಎಂಟು ಗಂಟೆ ಬೇಕು. ಹಾಗಾಗಿ ಕ್ಯಾಬಿನೆಟ್ಟನ್ನು ನೆಲದಿಂದ ಮೇಲೆತ್ತಿ ಇಟ್ಟರೆ ಕಸ ಗುಡಿಸುವಾಗ ಏಳುವ ದಪ್ಪ ಧೂಳು ಕಡಿಮೆಯಾದೀತು; ಊದುಬತ್ತಿಯ, ಸೊಳ್ಳೆಬತ್ತಿಯ ಹೊಗೆಗೆ ಎತ್ತರದ ಹಂಗಿಲ್ಲ. ಜಾಲರಿಯ ಹಂಗೂ ಇಲ್ಲ. ಅರ್ಧ ಮಿಲಿಮೀಟರ್ ಕಣ್ಣೆಂದರೆ 500 ಮೈಕ್ರಾನ್. ಹೊಗೆಯ ಕಣ ಬಹುಪಾಲು 1 ಮೈಕ್ರಾನಿಗಿಂತ ಚಿಕ್ಕದು.

ಹಾಗಾದರೆ ಜಾಲರಿ ನಿರರ್ಥಕವೇ? ಅಲ್ಲ. ಹೀಟ್‌ಸಿಂಕ್ ಕಟ್ಟಿಕೊಳ್ಳುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಫ್ಯಾನ್ ಬಿಚ್ಚಿದರೆ ಕೆಳಗೆ ರೆಕ್ಕೆಗಳ ಅಂಚಿಗೆ ಅಡ್ಡಲಾಗಿ ಕಂಬಳಿಯಂಥ ಪದರವೊಂದು ಸಿಗುತ್ತದೆ, ಚಿಮುಟದಲ್ಲಿ ಹಿಡಿದರೆ ಇಡಿಯಾಗಿ ಎದ್ದುಬರುತ್ತದೆ. ಎಳೆದು ನೋಡಿದರೆ ಅದರಲ್ಲಿ ಬಟ್ಟೆಯ ನೂಲು, ಕೂದಲು. ಪುಡಿಧೂಳು ಅವುಗಳ ನಡುವೆ ಸಿಕ್ಕಿಕೊಂಡದ್ದು. ಮೊದಲು ನಾರು ಅಂಚಿಗೆ ಅಡ್ಡಬೀಳುತ್ತದೆ, ಆಮೇಲೆ ಅದು ಪುಡಿಯನ್ನು ಹಿಡಿಯುತ್ತದೆ. ನಾರೇ ಬರದಿದ್ದರೆ ಸಣ್ಣ ಪುಡಿಯಲ್ಲಿ ಬಹುಪಾಲು ಗಾಳಿಯ ಜೊತೆ ಬಂದ ಹಾಗೇ ಹೊರಗೆ ಹೋಗುತ್ತದೆ. ನಾರನ್ನು ತಡೆಯಲು ಸಾಧಾರಣ ನೈಲಾನ್ ಜಾಲರಿ ಧಾರಾಳವಾಗಿ ಸಾಕು. ತೀರ ಒತ್ತಾದ ಬಟ್ಟೆ ಕಟ್ಟುವವರು ಒಳಬರುವ ಗಾಳಿಯನ್ನೇ ಕತ್ತರಿಸಿ, ಒತ್ತಡವನ್ನು ಮತ್ತೆ ತಲೆಕೆಳಗು ಮಾಡುತ್ತಾರೆ.

ಕರಾವಳಿಯದು ಬೇರೆಯೇ ಕಥೆ. ಅಲ್ಲಿನ ಧೂಳಿನಲ್ಲಿ ಉಪ್ಪಿದೆ; ಅಡಿಗೆ ಉಪ್ಪು ಸುಮಾರು ಶೇ. 75 ಸಾಪೇಕ್ಷ ಆರ್ದ್ರತೆ ಮೀರಿದರೆ ತಾನೇ ನೀರು ಹೀರಿ ಕರಗುತ್ತದೆ. ಯಂತ್ರ ಓಡುತ್ತಿರುವಾಗ ಒಳಗಿನ ಕಾವಿಗೆ ಆರ್ದ್ರತೆ ಇಳಿದಿರುತ್ತದೆ. ಆಟಿ ತಿಂಗಳ ಮಳೆಯಲ್ಲಿ ವಾರಗಟ್ಟಲೆ ಆಫ್ ಮಾಡಿಟ್ಟ ಯಂತ್ರಕ್ಕೇ ಅಪಾಯ ಹೆಚ್ಚು: ಮದರ್‌ಬೋರ್ಡ್ ಮೇಲಿನ ಧೂಳು ಒದ್ದೆಯಾಗಿ ವಿದ್ಯುತ್ತು ಹರಿಯಬಾರದ ಕಡೆ ಹರಿಯುತ್ತದೆ, ತಾಮ್ರ ಕಿಲುಬು ಹಿಡಿಯುತ್ತದೆ.

ಒತ್ತಡದ ಪರೀಕ್ಷೆಗೆ ಉಪಕರಣ ಬೇಡ, ಒಂದು ಊದುಬತ್ತಿ ಸಾಕು. ಕೋಣೆಯ ಫ್ಯಾನ್ ಆರಿಸಿ, ಹೊಗೆಯನ್ನು ಒಂದೊಂದೇ ಸಂದಿಗೆ ಹಿಡಿಯಬೇಕು. ಒಳಗೆ ಎಳೆದುಕೊಂಡರೆ ಅಲ್ಲಿ ಧೂಳಿಗೆ ದಾರಿಯಿದೆ. ಹೊರಕ್ಕೆ ತಳ್ಳಿದರೆ ಇಲ್ಲ. ಯಂತ್ರ ಸುಮ್ಮನಿದ್ದಾಗ ಒಮ್ಮೆ, ಭಾರದ ಕೆಲಸ ಮಾಡುವಾಗ ಇನ್ನೊಮ್ಮೆ ನೋಡುವುದು ಅಗತ್ಯ. ಈಗಿನ ಫ್ಯಾನುಗಳು ಕಾವಿಗೆ ತಕ್ಕಂತೆ ವೇಗ ಬದಲಿಸುತ್ತವೆ. ಹಿಂದಿನ ಫ್ಯಾನ್ ಮುಂದಿನದಕ್ಕಿಂತ ಜೋರಾದರೆ ಲೆಕ್ಕ ತಿರುಗುತ್ತದೆ. (ಇದೇ ಪರೀಕ್ಷೆಯನ್ನು ಆಯುಧಪೂಜೆಯ ದಿನ ಮಾಡಬಹುದು. ಆದರೆ ಆಗ ತಾನೇ ಒರೆಸಿದ ಮುಂಬದಿಯ ಜಾಲರಿಗೇ ವಿಭೂತಿ, ಕುಂಕುಮ ಹಚ್ಚುವ ಪದ್ಧತಿಯನ್ನು ಮೇಲಿನ ತಗಡಿಗೆ ಸಾಗಿಸಿದರೆ ಒಳಿತು.)

ಎಸ್‌ಎಂಪಿಎಸ್ ತಳದಲ್ಲಿರುವ ಹೊಸ ಕ್ಯಾಬಿನೆಟ್ಟುಗಳಲ್ಲಿ ಅದನ್ನು ಈ ಲೆಕ್ಕದಿಂದ ಸಾಮಾನ್ಯವಾಗಿ ಹೊರಗಿಡಬಹುದು. ಅದು ಅಡಿಯಿಂದ ಗಾಳಿ ಎಳೆದು ಹಿಂದಕ್ಕೆ ಬಿಡುತ್ತದೆ, ಒಳಗಿನ ಗಾಳಿಯನ್ನು ಮುಟ್ಟುವುದಿಲ್ಲ. ಅದರ ಜಾಲರಿ ಮಾತ್ರ ನೆಲಕ್ಕೆ ತೀರ ಹತ್ತಿರ, ಬೇಗ ಕಟ್ಟುತ್ತದೆ. ಹಲವು ಮಾದರಿಗಳಲ್ಲಿ ಅದನ್ನು ಹಿಂಬದಿಯಿಂದ ಎಳೆಯಬೇಕು. ಗೋಡೆಗೆ ಒತ್ತರಿಸಿಟ್ಟ ಯಂತ್ರದಲ್ಲಿ ಅದಕ್ಕೆ ಕೈ ಹೋಗುವುದಿಲ್ಲ. ಕೊಳ್ಳುವಾಗ ಮುಂದಿನಿಂದಲೋ ಪಕ್ಕದಿಂದಲೋ ಎಳೆಯಬರುವ ಜಾಲರಿಯಿದೆಯೇ ಎಂದು ಬಗ್ಗಿ ನೋಡಬೇಕು.