ಪಟ್ಟಾದಲ್ಲಿ ಯಾರ ಹೆಸರು?

ಹೋದ ಬೇಸಿಗೆಯಲ್ಲಿ ನಮ್ಮ ರಾಗಿ ಹೊಲದ ಪಟ್ಟಾ ಹೆಸರು ಬದಲಾಯಿಸಬೇಕೆಂದು ಹಳೇ ಪೆಟ್ಟಿಗೆ ತೆಗೆದೆ. ಕಾಗದವೆಲ್ಲ ತಮಿಳಿನಲ್ಲಿತ್ತು. ಮೊಮ್ಮಗಳು ಓದಿ ಹೇಳುತ್ತಿದ್ದವಳು ನಡುವೆ ನಿಲ್ಲಿಸಿ, "ತಾತ, ಇದ್ರಲ್ಲಿ ಮುತ್ತಾತನ ಹೆಸ್ರು ಒಂದೇ ಐತೆ. ಕಳೆ ಕಿತ್ತಿದ್ದು, ಕುಯ್ದಿದ್ದು ಮುತ್ತಜ್ಜಿ ಅಂತೀಯಲ್ಲ, ಅವರ ಹೆಸ್ರು ಎಲ್ಲಿ?" ಅಂದಳು. ನನಗೆ ಉತ್ತರ ತೋಚಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾದಾಗ ಟಿಪ್ಪು ಸುಲ್ತಾನ್ ಬಾರಾಮಹಲನ್ನು ಕಂಪನಿಗೆ ಬಿಟ್ಟುಕೊಟ್ಟ. ಕೃಷ್ಣಗಿರಿ, ಧರ್ಮಪುರಿ ಅದರಲ್ಲಿ ಸೇರಿದ್ದವು. ಹೊಸೂರು, ಡೆಂಕಣಿಕೋಟೆ ಕಡೆಯ ನಮ್ಮ ಬಾಲಾಘಾಟ್ ಸೀಮೆ 1799ರಲ್ಲಿ ಟಿಪ್ಪು ಮಡಿದ ಮೇಲೆ ಅವರ ಕೈಸೇರಿತು. ಬಾರಾಮಹಲಿಗೆ ಬಂದ ಅಧಿಕಾರಿ ಅಲೆಕ್ಸಾಂಡರ್ ರೀಡ್. ಅವನ ಕೈಕೆಳಗೆ ಥಾಮಸ್ ಮನ್ರೋ ಇದ್ದ. ಇವರು ಹೊಲ ಹೊಲವನ್ನೂ ಅಳೆಸಿದರು. ಊರಿಗೆಲ್ಲ ಒಟ್ಟು ಕಂದಾಯ ಕಟ್ಟುವ ಬದಲು ಒಬ್ಬೊಬ್ಬ ರೈತನ ಮೇಲೂ ಬೇರೆ ಬೇರೆ ಲೆಕ್ಕ ಬರೆಸಿದರು. ಬಂಗಾಳದಲ್ಲಿ 1793ರಲ್ಲಿ ಜಮೀನ್ದಾರನನ್ನು ನಡುವೆ ನಿಲ್ಲಿಸಿದ ಅದೇ ಕಂಪನಿ, ಇಲ್ಲಿ ನೇರವಾಗಿ ಉಳುವವನ ಬಾಗಿಲಿಗೆ ಬಂತು. ಇದೇ ರೈತವಾರಿ. ಮುಂದೆ 1820ರಲ್ಲಿ ಮನ್ರೋ ಮದ್ರಾಸಿನ ಗವರ್ನರ್ ಆದ. ಆ ಪ್ರಾಂತ್ಯದ ಬಹುಭಾಗಕ್ಕೆ ಈ ಪದ್ಧತಿ ಹಬ್ಬಿತು. ಬೀಜ ಬಿದ್ದದ್ದು ಮಾತ್ರ ನಮ್ಮ ಈ ಸೀಮೆಯಲ್ಲಿ.

ಇದರಿಂದ ರೈತನಿಗೆ ಹೆಸರು ಬಂತು, ಕಾಗದ ಬಂತು. ಮಳೆ ಕೈಕೊಟ್ಟರೂ ಕಿಸ್ತು ದುಡ್ಡಿನಲ್ಲೇ ಕಟ್ಟಬೇಕಾದ ಕಷ್ಟವೂ ಬಂತು. ಇನ್ನೊಂದು ಸಂಗತಿ ಉಂಟು. ಲೆಕ್ಕದಲ್ಲಿ ಒಬ್ಬರ ಹೆಸರು ಬೇಕು ಅಂದಾಗ ಹೆಚ್ಚಾಗಿ ಮನೆ ಯಜಮಾನನ ಹೆಸರೇ ಬಿತ್ತು. ಹೊಲ ಮನೆಮಂದಿಯ ಬೆವರಿನದು. ಪಟ್ಟಾ ಒಬ್ಬ ಗಂಡಸಿನದು.

ಆ ಗೆರೆ ಅಳಿಸಲು ಬಹಳ ಕಾಲ ಹಿಡಿಯಿತು. 1956ರ ಹಿಂದೂ ವಾರಸು ಕಾಯ್ದೆ ಅಪ್ಪನ ಪಾಲಿನಲ್ಲಿ ಮಗಳಿಗೂ ಹಕ್ಕು ಕೊಟ್ಟಿತು. ಆದರೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳಿಗೇ ಉಳಿಯಿತು. 1989ರಲ್ಲಿ ತಮಿಳುನಾಡು ಸರ್ಕಾರ ಅದನ್ನು ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ಅದಕ್ಕೆ ಮುಂಚೆಯೇ ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಬೇಲಿಯನ್ನೂ ಕಿತ್ತಿತು.

ನನ್ನ ತಂಗಿಯ ಮದುವೆ ಆದದ್ದು 1981ರಲ್ಲಿ. "ಅವಳಿಗೆ ಕೊಡೋದು ಕೊಟ್ಟಾಯ್ತು" ಅಂತ ನಾನೂ ಇಷ್ಟು ವರ್ಷ ಹೇಳಿಕೊಂಡು ಬಂದವನೇ. ಈಗ ಹೊಸೂರಿನ ಸುತ್ತ ಹೊಲಗಳು ಸೈಟುಗಳಾಗಿ, ಬೆಲೆ ಏರಿ, ಅಣ್ಣತಂಗಿಯರ ಮಾತು ನಿಂತುಹೋಗುತ್ತಿರುವುದನ್ನು ಕಾಣುತ್ತಿದ್ದೇವೆ. ವಾರಸುದಾರರ ಪಟ್ಟಿ ಬರೆಯುವಾಗ ತಂಗಿಯ ಹೆಸರನ್ನೂ ಸೇರಿಸಿದೆ. ಬರೆದದ್ದು ನಾನಲ್ಲ, ಮೊಮ್ಮಗಳು. ತಮಿಳಿನಲ್ಲಿ ಬರೆದು, ಕನ್ನಡದಲ್ಲಿ ಓದಿ ಹೇಳಿದಳು.

ನಿಮ್ಮ ಮನೆಯ ಪಟ್ಟಾವನ್ನೂ ಒಮ್ಮೆ ಮಕ್ಕಳ ಕೈಗೆ ಕೊಟ್ಟು ಓದಿಸಿ. ಚರಿತ್ರೆ ಪುಸ್ತಕದಲ್ಲಿ ಇಲ್ಲದ ಪ್ರಶ್ನೆಗಳು ಅದರಲ್ಲಿವೆ.