ಟ್ರಯಥ್ಲಾನ್ ಮತ್ತು ಟೈಮ್ ಟ್ರಯಲ್ ಸೈಕಲ್
ಗಾಳಿಯ ತಡೆ ತಗ್ಗಿಸಿ ಒಂಟಿಯಾಗಿ ವೇಗವಾಗಿ ತುಳಿಯಲು ರೂಪಿಸಿದ ಪಂದ್ಯದ ಸೈಕಲ್. ಸವಾರರು ಮುಂದಕ್ಕೆ ಬಾಗಿ, ಮೊಣಕೈಗಳನ್ನು ಮೆತ್ತೆಗಳ ಮೇಲೂರಿ ಏರೋ ಬಾರ್ ಹಿಡಿಯುತ್ತಾರೆ. ಈಜು, ಸೈಕಲ್, ಓಟ ಸೇರಿದ ಟ್ರಯಥ್ಲಾನ್‌ನಲ್ಲಿ ಮೊದಲು ಬಳಕೆಗೆ ಬಂದ ಈ ಬಾರ್‌ನ ಬಲ 1989ರ ಟೂರ್ ಡಿ ಫ್ರಾನ್ಸ್‌ನಲ್ಲಿ ಜಗತ್ತಿಗೆ ತಿಳಿಯಿತು. ಕೊನೆಯ ದಿನ, ಸವಾರರು ಒಬ್ಬೊಬ್ಬರಾಗಿ ಸಮಯದೊಂದಿಗೆ ಸ್ಪರ್ಧಿಸುವ 24.5 ಕಿ.ಮೀ. ಟೈಮ್ ಟ್ರಯಲ್‌ನಲ್ಲಿ ಈ ಬಾರ್ ಬಳಸಿದ ಗ್ರೆಗ್ ಲೆಮಾಂಡ್ 50 ಸೆಕೆಂಡುಗಳ ಹಿನ್ನಡೆ ಅಳಿಸಿ, ಲೊರಾಂ ಫಿನ್ಯೋಂ ಅವರಿಗಿಂತ ಒಟ್ಟು 8 ಸೆಕೆಂಡು ಮುಂದಾಗಿ ಗೆದ್ದರು.

ಟೈಮ್ ಟ್ರಯಲ್ ಸೈಕಲ್‌ಗೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ (ಯುಸಿಐ) ನಿಯಮಗಳ ಕಟ್ಟುಪಾಡಿದೆ, ತೂಕ 6.8 ಕೆ.ಜಿ.ಗಿಂತ ಕಡಿಮೆಯಿರಕೂಡದು. ಟ್ರಯಥ್ಲಾನ್ ಸೈಕಲ್‌ನಲ್ಲಿ ನೀರು, ಆಹಾರದ ಪೆಟ್ಟಿಗೆಗಳಿಗೂ ಸೀಟನ್ನು ಇನ್ನಷ್ಟು ಮುಂದಿಡುವುದಕ್ಕೂ ಅವಕಾಶ ಹೆಚ್ಚು.

ಹವ್ಯಾಸಿ ಸ್ಪರ್ಧಿಗಳು ಬ್ರಾಂಡ್‌ಗಿಂತ ಮೊದಲು ಅಳತೆ ನೋಡಬೇಕು. ಗಾಳಿಯ ತಡೆಯಲ್ಲಿ ಸಿಂಹಪಾಲು ಸವಾರರ ದೇಹದ್ದೇ. ಐರನ್‌ಮ್ಯಾನ್ ಎಂಬ ದೀರ್ಘ ಟ್ರಯಥ್ಲಾನ್‌ನ 180 ಕಿ.ಮೀ. ಸೈಕಲ್ ಹಾದಿಯ ಉದ್ದಕ್ಕೂ ಉಳಿಸಿಕೊಳ್ಳಲಾಗದ ಭಂಗಿಯಿಂದ ಲಾಭವಿಲ್ಲ, ಅದರ ನಂತರ ಓಡಲೂ ಬೇಕು. ಚಕ್ರಗಳಿಗೆ ಸುರಿಯುವ ಹಣದಲ್ಲಿ ಸ್ವಲ್ಪವನ್ನು ಪರಿಣತರ ಬೈಕ್ ಫಿಟ್ಟಿಂಗ್‌ಗೆ ಮೀಸಲಿಡುವುದು ಜಾಣತನ. ಮುಂದಿನ ಸವಾರರ ಹಿಂದೆ ಗಾಳಿಯ ಮರೆಯಲ್ಲಿ ಸಾಗುವ ಡ್ರಾಫ್ಟಿಂಗ್‌ಗೆ ಅನುಮತಿಯಿರುವ ಟ್ರಯಥ್ಲಾನ್‌ಗಳಲ್ಲಿ ಡ್ರಾಪ್ ಹ್ಯಾಂಡಲ್‌ನ ರೋಡ್ ಬೈಕ್ ಕಡ್ಡಾಯ. ಕೊಳ್ಳುವ ಮುನ್ನ ಪಂದ್ಯದ ನಿಯಮಾವಳಿ ಓದಿಕೊಳ್ಳಿ.