ಸಮವಸ್ತ್ರ ಕಳಚಿದ ರೈಫಲ್ಲುಗಳು

ಬೀದರ ಜಿಲ್ಲೆಯ ಠಾಣಾ ಕುಶನೂರ ಸೀಮೆಯ ಒಂದು ಹಳೆಯ ವಾಡೆಯಲ್ಲಿ ಖಂಡೆ ನವಮಿಯ ದಿನ ಕುಡುಗೋಲು, ಕುಂಟೆ, ಟ್ರ್ಯಾಕ್ಟರಿನ ಪಾನಾಗಳ ಪಕ್ಕದಲ್ಲಿ ಒಂದು ರೈಫಲ್ಲನ್ನೂ ಕಂಬಳಿಯ ಮೇಲೆ ಮಲಗಿಸಿದ್ದರು. ನಳಿಗೆಗೆ ಚೆಂಡುಹೂವಿನ ಸರ, ಹಿಂಬದಿಯ ಕಟ್ಟಿಗೆಗೆ ಕುಂಕುಮದ ಬೊಟ್ಟು. ಮನೆಯ ಹಿರಿಯರು ಅದನ್ನು ‘ನಮ್ಮಪ್ಪನ ಶಿಕಾರಿ ಬಂದೂಕು’ ಎಂದರು. ಪೂಜೆ ಮುಗಿದ ಮೇಲೆ ಅಪ್ಪಣೆ ಕೇಳಿ ಬಾಗಿ ನೋಡಿದೆ. ಬೋಲ್ಟಿನ ಹಿಡಿಕೆ ಟ್ರಿಗರಿನ ಮೇಲೆಯೇ ಬಂದು ಕೂರುವ ರೀತಿ, ಹಿಂದಿನ ಕಟ್ಟಿಗೆ ಬೇರೆ ತುಂಡಾಗಿ ಉಕ್ಕಿನ ಚೌಕಟ್ಟಿಗೆ ಸೇರುವ ಜಾಗ, ಎಲ್ಲವೂ ಗುರುತಿನದೇ. ಪೊಲೀಸರ ಹೆಗಲ ಮೇಲೆ ನಾವು ಚಿಕ್ಕಂದಿನಿಂದ ನೋಡಿದ ಥ್ರೀ ನಾಟ್ ಥ್ರೀಯ ಒಡಹುಟ್ಟು ಅದು. ಆದರೆ ನಳಿಗೆಯನ್ನು ತುದಿಯವರೆಗೆ ಮುಚ್ಚುವ ಮುಂಗಟ್ಟಿಗೆ ಇಲ್ಲಿ ಅರ್ಧದಲ್ಲೇ ನಿಂತಿತ್ತು. ಬಾಯೊನೆಟ್ ಸಿಕ್ಕಿಸುವ ದಪ್ಪ ಮೂತಿ ಇರಲಿಲ್ಲ. ಸೈನಿಕನ ಬಂದೂಕು ಸಮವಸ್ತ್ರ ಕಳಚಿ ಊರಿನ ಬಟ್ಟೆ ತೊಟ್ಟಿತ್ತು.

ಹೀಗೆ ಬಟ್ಟೆ ಬದಲಿಸಿದ ರೈಫಲ್ಲಿಗೆ ಬಂದೂಕು ಬಲ್ಲವರು ‘ಸ್ಪೋರ್ಟರ್’ ಎನ್ನುತ್ತಾರೆ. ಸೈನ್ಯಕ್ಕೆಂದು ರೂಪುಗೊಂಡ ಬೋಲ್ಟ್ ರೈಫಲ್ಲಿನ ಮರ ಇಳಿಸಿ, ತೂಕ ತಗ್ಗಿಸಿ, ಬೇಟೆಗೆ ಅಥವಾ ಗುರಿ ಪಂದ್ಯಕ್ಕೆ ಒಗ್ಗಿಸಿದ್ದು. ಜಗತ್ತಿನ ಬೇರೆಡೆ ಇದು ಕೈಕೆಲಸದವರ ಹವ್ಯಾಸವಾಗಿ ಬೆಳೆಯಿತು. ನಮ್ಮಲ್ಲಿ ಅದನ್ನು ಬೆಳೆಸಿದ್ದು ಕಾಯಿದೆ. ಈ ವ್ಯತ್ಯಾಸವನ್ನು ಮರೆತು ಹಳೆಯ ರೈಫಲ್ಲುಗಳ ಜೀರ್ಣೋದ್ಧಾರದ ಮಾತಾಡಿದರೆ ದಾರಿ ತಪ್ಪುತ್ತದೆ ಎಂಬುದು ನನ್ನ ನಂಬಿಕೆ.

ಮೊದಲು ವಂಶಾವಳಿ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದು ಅಮೆರಿಕದಲ್ಲಿ ನೆಲೆಸಿದ ಜೇಮ್ಸ್ ಪ್ಯಾರಿಸ್ ಲೀ ರೂಪಿಸಿದ ಬೋಲ್ಟು, ಲಂಡನ್ನಿನ ಬಳಿಯ ಎನ್‌ಫೀಲ್ಡ್ ಕಾರ್ಖಾನೆಯ ನಳಿಗೆ, ಎರಡೂ ಕೂಡಿ 1895ರಲ್ಲಿ ಲೀ-ಎನ್‌ಫೀಲ್ಡ್ ಆಯಿತು. 1907ರಲ್ಲಿ ಬಂದ ‘ಮಾರ್ಕ್ ಮೂರು’ ಮಾದರಿಯೇ ನಮ್ಮ ದೇಶದಲ್ಲಿ ಮನೆಮಾತಾದ ಥ್ರೀ ನಾಟ್ ಥ್ರೀ. ಹತ್ತು ತೋಟಾ ಹಿಡಿಯುವ ಡಬ್ಬಿ, ಸಲೀಸಾಗಿ ಓಡುವ ಬೋಲ್ಟು. ಜರ್ಮನಿಯ ಪೌಲ್ ಮೌಸರನ 1898ರ ಮಾದರಿ ಇದಕ್ಕೆ ಸಾಟಿಯಾದ ಇನ್ನೊಂದು ಮನೆತನ. ಮೌಸರ್ ಬೋಲ್ಟಿನ ಬೀಗ ತೋಟಾದ ಹತ್ತಿರ, ಮುಂದೆ ಕಚ್ಚಿಕೊಳ್ಳುತ್ತದೆ, ಲೀಯ ಬೀಗ ಹಿಂದೆ. ಹೆಚ್ಚು ಬಿರುಸಿನ ತೋಟಾಗಳನ್ನು ತಾಳುವುದು ಮೌಸರ್, ಬೇಗ ಓಡುವುದು ಲೀ. ಶಿಕಾರಿ ರೈಫಲ್ಲು ಕಟ್ಟುವವರು ಮೌಸರನ್ನೇ ಹೆಚ್ಚು ಮೆಚ್ಚಿದ್ದಕ್ಕೆ ಕಾರಣ ಇಷ್ಟೇ.

1907ರಲ್ಲಿ ಚಂಪಾವತದ ಹೆಣ್ಣುಹುಲಿಯನ್ನು ಕೊಂದ ಜಿಮ್ ಕಾರ್ಬೆಟ್‌ಗೆ ಆಗಿನ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹ್ಯೂಯೆಟ್ ಉಡುಗೊರೆ ಕೊಟ್ಟದ್ದು ರಿಗ್ಬಿ ಕಂಪನಿಯ .275 ರೈಫಲ್. ಹೆಸರು ಇಂಗ್ಲಿಷಿನದು, ಒಡಲು ಮೌಸರನದು. ಅದರ ತೋಟಾ ಕೂಡ ಬೋಯರ್ ಯುದ್ಧದಲ್ಲಿ ಬ್ರಿಟಿಷರ ಮೇಲೆಯೇ ಹಾರಿದ 7 ಮಿಲಿಮೀಟರಿನ ಮೌಸರ್ ತೋಟಾ, ಹೆಸರು ಮಾತ್ರ ಬದಲಾಗಿತ್ತು. ತೇಜಸ್ವಿಯವರ ‘ಕಾಡಿನ ಕತೆಗಳು’ ಮೂಲಕ ಕನ್ನಡಿಗರಿಗೆ ಹತ್ತಿರವಾದ ಕೆನೆತ್ ಆಂಡರ್ಸನ್ ಹಿಡಿದದ್ದು .405 ವಿಂಚೆಸ್ಟರ್. ಅದು ಲಿವರ್ ಎಳೆಯುವ ಜಾತಿ, ಈ ವಂಶಕ್ಕೆ ಸೇರದು.

ಇನ್ನು ಕಾಯಿದೆಯ ಕತೆ. 1878ರ ಆಯುಧ ಕಾಯಿದೆಯ ನಂತರವೂ ಸರಕಾರಕ್ಕೆ ಒಂದು ಭಯ ಉಳಿದಿತ್ತು. ಸೈನ್ಯದ ಉಗ್ರಾಣದಿಂದ ಕದ್ದ ತೋಟಾ ಹೊರಗಿನ ಬಂದೂಕಿಗೆ ಹೊಂದಿದರೆ ಗತಿಯೇನು? ವಾಯವ್ಯ ಗಡಿಯ ಪಠಾಣರ ಕೈಗೆ ಕದ್ದ ರೈಫಲ್ಲುಗಳು ಸೇರುತ್ತಿದ್ದವು, ದರ್ರಾ ಆದಮ್ ಖೇಲ್‌ನ ಕಮ್ಮಾರರು ಅವುಗಳ ನಕಲನ್ನೂ ಬಡಿದು ತೆಗೆಯುತ್ತಿದ್ದರು. 20ನೇ ಶತಮಾನದ ಮೊದಲ ದಶಕದಲ್ಲಿ ಸೈನ್ಯದ ಅಳತೆಗಳಾದ .303 ಮತ್ತು .450 ಖಾಸಗಿಯವರಿಗೆ ನಿಷಿದ್ಧವಾದವು. ಇಂಗ್ಲೆಂಡಿನ ಬಂದೂಕು ಕಂಪನಿಗಳು ಸುಮ್ಮನೆ ಕೂರಲಿಲ್ಲ. ಭಾರತದ ಆನೆ, ಕಾಟಿ ಶಿಕಾರಿಯ ದೊಡ್ಡ ಗಿರಾಕಿಗಳನ್ನು ಕಳೆದುಕೊಳ್ಳದಿರಲು .465, .470 ಎಂಬ ಹೊಸ ಅಳತೆಗಳನ್ನು ಹುಟ್ಟಿಸಿದವು.

ಸಾಮಾನ್ಯ ಪರವಾನಗಿದಾರನ ಪಾಲಿಗೆ ಬಂದದ್ದು .315. ಇಲ್ಲಿಯೇ ನಮ್ಮ ಕತೆಯ ತಿರುಳಿದೆ. ಆಸ್ಟ್ರಿಯಾ-ಹಂಗೇರಿಯ ಸೈನ್ಯ 1890ರ ಸುಮಾರಿಗೆ ಬಳಕೆಗೆ ತಂದಿದ್ದ 8 ಮಿಲಿಮೀಟರಿನ ಮ್ಯಾನ್‌ಲಿಕರ್ ತೋಟಾ ಅದು. ಎಂಟು ಮಿಲಿಮೀಟರನ್ನು ಇಂಚಿಗೆ ತಿರುಗಿಸಿದರೆ .315. ಅದರ ಬುಡದಲ್ಲಿ .303ಕ್ಕೆ ಇದ್ದಂಥದೇ ಅಂಚು ಇದ್ದದ್ದರಿಂದ ಲೀಯ ಬೋಲ್ಟಿಗೆ ಸುಲಭವಾಗಿ ಒಗ್ಗಿತು. ಭಾರತದ ಸೈನ್ಯದಲ್ಲಿ ಆ ತೋಟಾ ಇಲ್ಲ, ಆದ್ದರಿಂದ ಕದಿಯುವ ಭಯವೂ ಇಲ್ಲ. ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಂಪನಿ ಈ ಅಳತೆಯಲ್ಲಿ ಶಿಕಾರಿ ರೈಫಲ್ಲುಗಳನ್ನು ಮಾಡಿ ಕಳಿಸಿತು. ಸ್ವಾತಂತ್ರ್ಯದ ನಂತರ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆ ಅದೇ ದಾರಿ ಹಿಡಿಯಿತು. 1904ರಲ್ಲಿ ಸ್ಥಾಪನೆಯಾದ ಈ ಕಾರ್ಖಾನೆ ಎರಡು ಮಹಾಯುದ್ಧಗಳಿಗೆ ರೈಫಲ್ ಪೂರೈಸಿದ್ದು. ಅದು ಮಾಡಿದ ಐದು ತೋಟಾದ .315 ಶಿಕಾರಿ ರೈಫಲ್ ಲೀ-ಎನ್‌ಫೀಲ್ಡ್ ಬೋಲ್ಟಿನ ಮೇಲೆಯೇ ನಿಂತದ್ದು. ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯ 1918ರಲ್ಲಿ ಅಳಿದುಹೋಯಿತು. ಅದರ ತೋಟಾ ಮಾತ್ರ ಭಾರತದ ಹಳ್ಳಿಗಳ ಬೀರುಗಳಲ್ಲಿ ಇವತ್ತಿಗೂ ಬದುಕಿದೆ. ಹಿಂದಿ-ಉರ್ದು ಬೆರೆತ ನಮ್ಮ ಕಡೆಯ ಮಾತಿನಲ್ಲಿ ಅದು ‘ತೀನ್ ಸೌ ಪಂದ್ರಾ’.

ಬೀದರಕ್ಕೂ ಮದ್ದುಗುಂಡಿಗೂ ಇರುವ ನಂಟು ಇದಕ್ಕಿಂತ ಬಹಳ ಹಳೆಯದು. ಬಹಮನಿಗಳ ಕೋಟೆಯ ಬುರುಜುಗಳ ಮೇಲೆ ಭಾರೀ ತೋಪುಗಳು ಇಂದಿಗೂ ಕೂತಿವೆ. ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಒಂದು ಪಕ್ಕ 1696ರಲ್ಲಿ, ಔರಂಗಜೇಬನ ಕಾಲದಲ್ಲಿ, ಅಲ್ಲಿಟ್ಟಿದ್ದ ಮದ್ದು ಸಿಡಿದು ಉರುಳಿತು. ರೈಫಲ್ಲಿನ ಕಾಲಕ್ಕೆ ಬಂದರೆ 1948. ಆಸ್ಟ್ರೇಲಿಯಾದ ವಿಮಾನಿ ಸಿಡ್ನಿ ಕಾಟನ್ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ಕರಾಚಿಯಿಂದ ನಿಜಾಮನಿಗೆ ಕದ್ದು ಆಯುಧ ಸಾಗಿಸಿದಾಗ ಅವು ಇಳಿದ ಜಾಗಗಳಲ್ಲಿ ಬೀದರದ ವಿಮಾನ ನಿಲ್ದಾಣವೂ ಒಂದು. ಸೆಪ್ಟೆಂಬರ್ 13ಕ್ಕೆ ಶುರುವಾದ ಪೊಲೀಸ್ ಕಾರ್ಯಾಚರಣೆಯಲ್ಲಿ ಸೊಲ್ಲಾಪುರದ ಕಡೆಯಿಂದ ನಡೆದ ಸೈನ್ಯ 17ರ ಬೆಳಗ್ಗೆ ಬೀದರ ಸೇರಿತು. ರಜಾಕಾರರ ಹಾವಳಿ ಅನುಭವಿಸಿದ ಹಿರಿಯರು ಭಾಲ್ಕಿ, ಔರಾದ ಕಡೆ ಬಂದೂಕಿನ ಹೆಸರು ಕೇಳಿದರೆ ಇವತ್ತಿಗೂ ದನಿ ತಗ್ಗಿಸುವುದನ್ನು ನಾನು ಕಂಡಿದ್ದೇನೆ. ಈ ಜಿಲ್ಲೆಯಲ್ಲಿ ಹಳೆಯ ರೈಫಲ್ಲಿನ ಬಗ್ಗೆ ಬರೆಯುವವನು ಅದನ್ನು ಬರೀ ಚೆಂದದ ಯಂತ್ರವೆಂದು ಬಣ್ಣಿಸಿ ಮುಗಿಸುವಂತಿಲ್ಲ. ‘ಠಾಣಾ’ ಎಂಬ ಮಾತನ್ನು ಊರಿನ ಹೆಸರಿನಲ್ಲೇ ಹೊತ್ತ ಕುಶನೂರಿನಲ್ಲಂತೂ ಅಲ್ಲವೇ ಅಲ್ಲ.

ಇಶಾಪುರದವರು ಹಳೆಯ ಥ್ರೀ ನಾಟ್ ಥ್ರೀಗಳನ್ನು ಪೊಲೀಸರಿಗೂ ಜೈಲಿನ ಕಾವಲುಗಾರರಿಗೂ ಬೇರೆ ರೀತಿ ಬದಲಿಸಿ ಕೊಟ್ಟದ್ದುಂಟು. ನಳಿಗೆಯನ್ನು .410ಕ್ಕೆ ಹಿಗ್ಗಿಸಿ, ಒಮ್ಮೆಗೆ ಒಂದೇ ತೋಟಾ ಹಾಕುವ ಮಸ್ಕೆಟ್ ಮಾಡಿದ್ದರು. ಹೊರಗಿನಿಂದ ರೈಫಲ್ಲು, ಒಳಗೆ ಗೀರಿಲ್ಲದ ನುಣುಪು ನಳಿಗೆ. ಚೀನಾ ಯುದ್ಧದ ನಂತರ 1960ರ ದಶಕದಲ್ಲಿ 7.62 ತೋಟಾಕ್ಕೆ ಹೊಂದುವಂತೆ ‘2ಎ’, ‘2ಎ1’ ಮಾದರಿಗಳು ಬಂದವು. ದೇಶದ ಠಾಣೆಗಳಲ್ಲಿ .303 ಅದಾದ ಮೇಲೂ ದಶಕಗಟ್ಟಲೆ ಉಳಿಯಿತು. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು.

ಶಿಕಾರಿ ರೈಫಲ್ಲಿನ ಕಾಲ ಮಾತ್ರ 1972ರಲ್ಲೇ ಮುಗಿಯಿತು. ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು, ಬೇಟೆ ನಿಂತಿತು. ಬೀದರ ಸುತ್ತಿನ ತೊಗರಿ ಹೊಲಗಳಲ್ಲಿ ಕೃಷ್ಣಮೃಗಗಳು ಇನ್ನೂ ಜಿಗಿಯುತ್ತಿರುವುದಕ್ಕೆ ಆ ಕಾಯಿದೆಯೂ ಕಾರಣ. ಅದು ಬಂದದ್ದು ಒಳ್ಳೆಯದಾಯಿತು ಎಂದು ಮನಸಾರೆ ಹೇಳುತ್ತೇನೆ. ರೈಫಲ್ಲುಗಳು ಅಟ್ಟ ಸೇರಿದವು. 1959ರ ಆಯುಧ ಕಾಯಿದೆಗೆ 1983ರಲ್ಲಿ ಆದ ತಿದ್ದುಪಡಿ ಒಬ್ಬರಿಗೆ ಮೂರೇ ಬಂದೂಕು ಎಂದಿತು. 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು, ಪಿತ್ರಾರ್ಜಿತವಾಗಿ ಬಂದದ್ದೂ ಆ ಲೆಕ್ಕದಲ್ಲೇ. ಹೀಗಾಗಿ ಸಂಗ್ರಹ ಎಂಬುದು ನಮ್ಮಲ್ಲಿ ಎರಡರ ಗಡಿಯೊಳಗಿನ ಮಾತು. ಕೊಡಗಿನ ಸ್ಥಿತಿ ಬೇರೆ. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಅಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಹೊರಬಂದು ಎಣ್ಣೆ ಕಾಣುತ್ತದೆ, ಮನೆಯ ಮಕ್ಕಳಿಗೂ ಅದರ ಪರಿಚಯ ಆಗುತ್ತದೆ. ನಮ್ಮ ಸೀಮೆಯಲ್ಲಿ ಖಂಡೆ ನವಮಿಯೊಂದೇ ಗತಿ.

ಹೊರಗಿನ ಜಗತ್ತಿನಲ್ಲಿ ಬೇರೆಯೇ ಗಾಳಿ ಬೀಸಿತ್ತು. 1945ರ ನಂತರ ಯುದ್ಧದ ರೈಫಲ್ಲುಗಳು ರಾಶಿ ಬಿದ್ದವು. ಲೀ-ಎನ್‌ಫೀಲ್ಡ್ ಒಂದೇ 1 ಕೋಟಿ 70 ಲಕ್ಷದಷ್ಟು ತಯಾರಾಗಿತ್ತೆಂಬ ಅಂದಾಜಿದೆ. ಅಮೆರಿಕದಲ್ಲಿ ಅಂಚೆಯಲ್ಲೇ ತರಿಸಿಕೊಳ್ಳಬಹುದಿತ್ತು. ಬಡ ಬೇಟೆಗಾರ ಗ್ಯಾರೇಜಿನಲ್ಲಿ ಗರಗಸ ಹಿಡಿದು ಮರ ಕೊಯ್ದ. ಇಂಗ್ಲೆಂಡಿನ ಪಾರ್ಕರ್-ಹೇಲ್ ಕಂಪನಿ ಅದನ್ನೇ ಅಚ್ಚುಕಟ್ಟಾಗಿ ಮಾಡಿ ಮಾರಿತು. 1963ರಲ್ಲಿ ಕೆನಡಿಯ ಕೊಲೆಗೆ ಬಳಕೆಯಾದದ್ದು ಅಂಚೆಯಲ್ಲಿ ತರಿಸಿದ ಇಟಲಿಯ ಹಳೆಯ ಸೈನಿಕ ರೈಫಲ್. 1968ರ ಕಾಯಿದೆ ಆ ಬಾಗಿಲು ಮುಚ್ಚಿತು. ಮುಂದೆ ಮೂಲ ರೂಪದಲ್ಲಿ ಉಳಿದವು ಅಪರೂಪವಾಗಿ ಬೆಲೆ ಏರಿದಾಗ, ಅಪ್ಪ ಕೊಯ್ದ ಮರವನ್ನು ಮಗ ಹುಡುಕಿ ತಂದು ಜೋಡಿಸತೊಡಗಿದ. ಮುಂಗಟ್ಟಿಗೆ, ಪಟ್ಟಿ, ಮೂತಿಯ ಕವಚ ಒಂದೊಂದನ್ನೂ ಕೂಡಿಸಿ ಸ್ಪೋರ್ಟರನ್ನು ಮತ್ತೆ ಸೈನಿಕನನ್ನಾಗಿ ಮಾಡುವುದೇ ಅಲ್ಲಿ ಇಂದಿನ ಜೀರ್ಣೋದ್ಧಾರ.

ಆ ಮಾದರಿ ನಮಗೆ ಸಲ್ಲದು. ಅಲ್ಲಿ ಕೊಯ್ದ ಮರ ಒಬ್ಬನ ಕೈಯ ಗುರುತು. ಇಲ್ಲಿ ಮೊಟಕಾದ ಮರ, ಬದಲಾದ ಅಳತೆ ಒಂದು ಆಳ್ವಿಕೆಯ ಸಂಶಯದ ದಾಖಲೆ. .315 ಅನ್ನು ಥ್ರೀ ನಾಟ್ ಥ್ರೀಯಂತೆ ಕಾಣಿಸಲು ಹೊರಟರೆ ಅದರ ನಿಜವಾದ ಚರಿತ್ರೆಯನ್ನೇ ಅಳಿಸಿದಂತೆ. ಕಾಯಿದೆಯೂ ಅಡ್ಡ ನಿಲ್ಲುತ್ತದೆ. ಬಂದೂಕಿನ ದುರಸ್ತಿ, ಮಾರ್ಪಾಡು ಪರವಾನಗಿ ಪಡೆದ ಅಂಗಡಿಯವರ ಕೆಲಸ. ನಳಿಗೆ ಮೊಟಕು ಮಾಡುವುದು, ನಂಬರು ಅಳಿಸುವುದು ಅಪರಾಧ. ಹಾಗಾಗಿ ನಮ್ಮಲ್ಲಿ ಜೀರ್ಣೋದ್ಧಾರ ಎಂದರೆ ಇದ್ದದ್ದನ್ನು ಇದ್ದ ಹಾಗೆ ಕಾಪಾಡುವುದು. ಗಟ್ಟಿಯಾದ ಹಳೆಯ ಗ್ರೀಸು ತೆಗೆಯುವುದು, ಒಣಗಿದ ಅಕ್ರೋಟ ಮರಕ್ಕೆ ಅಗಸೆ ಎಣ್ಣೆಯನ್ನು ಬೆರಳಿನಿಂದ ಸ್ವಲ್ಪಸ್ವಲ್ಪವೇ ಕುಡಿಸುವುದು, ತುಕ್ಕು ಹಬ್ಬದಂತೆ ನೋಡಿಕೊಳ್ಳುವುದು. ಮರಕ್ಕೆ ಉಪ್ಪುಕಾಗದ ಹಾಕಿದರೆ ಪರೀಕ್ಷಕರ ಮುದ್ರೆಗಳು ಹೋದವು ಎಂದೇ ಲೆಕ್ಕ. ಅವನ್ನು ಮರಳಿ ತರುವ ವಿದ್ಯೆ ಯಾರ ಬಳಿಯೂ ಇಲ್ಲ.

ಉಕ್ಕಿನ ಕಪ್ಪಿನ ವಿಷಯ ಬೀದರದವರಿಗೆ ಹೆಚ್ಚು ಹೇಳಬೇಕಿಲ್ಲ. ಬಿದ್ರಿ ಕುಸುರಿಯವರು ಸತು-ತಾಮ್ರದ ಪಾತ್ರೆಗೆ ಬೆಳ್ಳಿ ತಂತಿ ಬಡಿದು ಕೂರಿಸಿದ ಮೇಲೆ ಕೋಟೆಯೊಳಗಿನ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಹಳೆಯ ಶಿಕಾರಿ ಬಂದೂಕಿನ ನಳಿಗೆಯ ನೀಲಿಗಪ್ಪು ಬಣ್ಣವೂ ಬಳಿದದ್ದಲ್ಲ, ಲೋಹದಿಂದಲೇ ಹೊರಟದ್ದು. ಉಕ್ಕಿಗೆ ಬೇಕೆಂದೇ ತೆಳುವಾಗಿ ತುಕ್ಕು ಹಿಡಿಸಿ, ಕುದಿಯುವ ನೀರಲ್ಲಿ ಬೇಯಿಸಿದರೆ ಕೆಂಪು ತುಕ್ಕು ಕಪ್ಪಾಗಿ ತಿರುಗುತ್ತದೆ. ಅದನ್ನು ಉಜ್ಜಿ, ಮತ್ತೆ ಹಿಡಿಸಿ, ಮತ್ತೆ ಬೇಯಿಸುತ್ತಾರೆ. ಹಲವು ಸುತ್ತಿನ ನಂತರ ಆ ಆಳವಾದ ಬಣ್ಣ ಬರುತ್ತದೆ. ಎರಡು ಕೆಲಸಕ್ಕೂ ಕೊನೆಗೆ ಎಣ್ಣೆಯೇ ಮುಕ್ತಾಯ. ಸವೆದ ಕಪ್ಪನ್ನು ಹೊಸ ಬಣ್ಣದಿಂದ ಮುಚ್ಚಿದ ರೈಫಲ್ಲನ್ನು ನೋಡಿದಾಗ ಹಳೆಯ ಬಿದ್ರಿ ಹೂಜಿಗೆ ಪೇಂಟು ಬಳಿದಷ್ಟೇ ಸಂಕಟ ನನಗೆ.

ಹೆಚ್ಚಿನ ಹಾನಿ ಆಗುವುದು ಕೈಯಾಡಿಸುವವರಿಂದಲ್ಲ, ಯಾರೂ ಮುಟ್ಟದೆ ಇರುವುದರಿಂದ. ಪರವಾನಗಿದಾರ ತೀರಿಕೊಂಡರೆ ವಾರಸುದಾರರು ಬಂದೂಕನ್ನು ಠಾಣೆಯಲ್ಲೋ ಅಂಗಡಿಯಲ್ಲೋ ಒಪ್ಪಿಸಬೇಕು. ಚುನಾವಣೆ ಬಂದಾಗಲೂ ಒಪ್ಪಿಸಬೇಕಾಗುತ್ತದೆ. ಹೊಸ ಪರವಾನಗಿಗೆ ಓಡಾಡುವ ಗೋಜು ಬೇಡವೆಂದು ಮಕ್ಕಳು ಬಿಟ್ಟೇಬಿಡುತ್ತಾರೆ. ಮಾಲಖಾನೆಯ ತೇವದಲ್ಲಿ ಕೊರಳಿಗೆ ಚೀಟಿ ಕಟ್ಟಿಸಿಕೊಂಡು ನಿಂತ ರೈಫಲ್ಲು ನಾಲ್ಕು ಮಳೆಗಾಲದಲ್ಲಿ ಗುರುತು ಸಿಗದಂತಾಗುತ್ತದೆ. 2016ರ ಆಯುಧ ನಿಯಮಗಳಲ್ಲಿ ಒಂದು ದಾರಿ ಇದೆ: ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಅವರು 25 ವರ್ಷ ಆಯುಧ ಇಟ್ಟುಕೊಂಡಿದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ವರ್ಗಾಯಿಸಲು ಅರ್ಜಿ ಹಾಕಬಹುದು. ಹಳ್ಳಿಗಳಲ್ಲಿ ಇದು ಗೊತ್ತಿರುವವರು ಕಡಿಮೆ.

ಆ ಹಿರಿಯರಿಗೆ ಇದನ್ನೇ ಹೇಳಿದೆ. ‘ಮೊದಲು ಇದರ ಮೇಲೆ ಏನು ಬರೆದದೆ ಅದನ್ನು ಒಂದು ಕಡೆ ಇಳಿಸಿಕೊಳ್ಳೋಣ’ ಎಂದು ಅವರು ಮೊಮ್ಮಗಳನ್ನು ಕರೆದರು. ಹುಡುಗಿ ಶಾಲೆಯ ನೋಟ್‌ಬುಕ್ ತಂದು ಪಕ್ಕದಲ್ಲಿ ಕುಂತಳು. ನಾನು ನಳಿಗೆಯ ಬುಡದಿಂದ ಶುರುಮಾಡಿ ಒಂದೊಂದೇ ಅಕ್ಷರ ಓದುತ್ತಾ ಹೋದೆ: ಕಾರ್ಖಾನೆಯ ಹೆಸರು, ಅಳತೆ, ಮುದ್ರೆ. ಬೋಲ್ಟಿನ ಹಿಡಿಕೆಯ ಮೇಲಿನ ನಂಬರಿನಲ್ಲಿ ಒಂದು ಅಂಕಿ 3 ಇರಬಹುದು, 8 ಇರಬಹುದು, ಕುಂಕುಮ ತುಂಬಿಕೊಂಡಿತ್ತು. ಹಿರಿಯರು ಧೋತರದ ಚುಂಗಿನಿಂದ ಒರೆಸಿ ಕಿಟಕಿಯ ಬೆಳಕಿಗೆ ಹಿಡಿದರು. ಮೊಮ್ಮಗಳು ಬಗ್ಗಿ ನೋಡಿ ‘ಎಂಟು’ ಎಂದಳು. ಲೈಸನ್ಸಿನ ಹಳೆಯ ಪುಸ್ತಕ ಬಿಚ್ಚಿದೆವು. ಅಲ್ಲೂ ಎಂಟೇ ಇತ್ತು.